ಮನೆಯಲ್ಲಿ ಕೋಳಿಮೊಟ್ಟೆಯನ್ನು ಬೇಯಿಸುವ ಕ್ರಮ

ದಿಬ್ಬೂರಹಳ್ಳಿಯ ಕಡೆ ಮೊಟ್ಟೆಯೆಂದೊಡನೆ ರೇಷ್ಮೆಹುಳುವಿನ ಮೊಟ್ಟೆಯೇ ನೆನಪಿಗೆ ಬರುವುದು. ಅದರ ಶಾಖ ತೇವಗಳನ್ನು ಅಳೆದು ಕಾಯುವ ಮನೆಗಳಲ್ಲಿಯೇ ಕೋಳಿಮೊಟ್ಟೆಯನ್ನು ಲೆಕ್ಕವಿಲ್ಲದೆ ಕುದಿಸಿ ಕೆಡಿಸುವುದುಂಟು.

ಇಟ್ಟ ದಿನವೇ ಬೇಯಿಸಿದ ಮೊಟ್ಟೆಯ ಸಿಪ್ಪೆಯು ಬಿಳಿಯ ಭಾಗವನ್ನು ಕಿತ್ತುಕೊಂಡೇ ಬರುವುದು. ಒಳ್ಳೆಯ ಆಹಾರ ತಿಪ್ಪೆಯ ಪಾಲಾಗುವುದು. ದಿನ ಕಳೆದಂತೆ ಒಳಗಿನ ಇಂಗಾಲಾಮ್ಲವಾಯು ಹೊರಬಿದ್ದು ಈ ಅಂಟು ಸಡಿಲವಾಗುತ್ತದೆ. ಆದಕಾರಣ ತಂಪಿನಲ್ಲಿ ಐದಾರು ದಿನ ಇಟ್ಟುದೇ ಬೇಯಿಸಲು ಯೋಗ್ಯವಾದುದು. ಕಾವಿಗೆ ಕುಳಿತ ಕೋಳಿಯ ಅಡಿಯಿಂದ ತೆಗೆದುದನ್ನು ಮಾತ್ರ ನಂಬತಕ್ಕದ್ದಲ್ಲ. ನೀರಿನಲ್ಲಿ ಬಿಟ್ಟರೆ ಹೊಸ ಮೊಟ್ಟೆ ತಳದಲ್ಲಿ ಅಡ್ಡಲಾಗಿ ಮಲಗುವುದು, ಹಳೆಯದು ನೆಟ್ಟಗೆ ನಿಲ್ಲುವುದು. ತೇಲಿದುದನ್ನು ಬಿಸಾಡಬೇಕು.

ಶಿಡ್ಲಘಟ್ಟ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುತ್ತದೆ. ಕರಾವಳಿಯಲ್ಲಿ 10 ನಿಮಿಷ ಸಾಕಾದರೆ ಇಲ್ಲಿ 11 ಅಥವಾ 12 ಬೇಕು. ನಾಟಿಕೋಳಿಯ ಮೊಟ್ಟೆ ಚಿಕ್ಕದಾದುದರಿಂದ ಒಂದು ನಿಮಿಷ ಕಡಿಮೆಯಾದರೂ ಆದೀತು. ಕುದಿಯುವ ನೀರಿಗೆ ಸೌಟಿನಿಂದ ಮೆಲ್ಲನೆ ಇಳಿಸಿ, ಬೆಂದೊಡನೆ ತಣ್ಣೀರಿಗೆ ಹಾಕಿದರೆ ಸಿಪ್ಪೆ ಸಲೀಸಾಗಿ ಬಿಡುವುದು. ಅರ್ಧ ಗಂಟೆ ಕುದಿಸಿದರೆ ಹಳದಿಯ ಸುತ್ತ ಹಸುರು ಬಳೆ ಕಟ್ಟುತ್ತದೆ. ಇದು ಬಿಳಿಯ ಭಾಗದ ಗಂಧಕವೂ ಹಳದಿಯ ಕಬ್ಬಿಣವೂ ಕೂಡಿದ್ದರ ಫಲ. ಜನರು ಶಂಕಿಸುವಂತೆ ವಿಷವಲ್ಲ, ರುಚಿ ಮಾತ್ರ ಕೆಡುವುದು.

ಅರೆಬೆಂದುದನ್ನು ಮಕ್ಕಳಿಗೂ ಗರ್ಭಿಣಿಯರಿಗೂ ವೃದ್ಧರಿಗೂ ಕೊಡಕೂಡದು. ವಾಂತಿಭೇದಿಯನ್ನು ತರುವ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಜೀವಿಯು ಹಳದಿಯು ಗಟ್ಟಿಯಾಗುವಷ್ಟು ಬೇಯಿಸಿದಲ್ಲದೆ ಸಾಯದು. ಬೆಳಿಗ್ಗೆ ಬೇಯಿಸಿ ಹೊಲದ ಬುತ್ತಿಗೆ ಕಟ್ಟಿ ಮಧ್ಯಾಹ್ನ ತಿನ್ನುವ ವಾಡಿಕೆಯೂ ಬೇಸಗೆಯಲ್ಲಿ ಒಳ್ಳೆಯದಲ್ಲ. ಬೆಂದ ಮೊಟ್ಟೆಯನ್ನು ಎರಡು ಗಂಟೆಯೊಳಗೆ ತಿನ್ನತಕ್ಕದ್ದು.