ಹಾಡಿನ ಅಂಗಡಿ ಮುಚ್ಚಿತು, ಕಪಾಟಿನ ಕ್ಯಾಸೆಟ್ ಉಳಿದಿದೆ

ಮನಾಮಾದ ಬಾಬ್ ಅಲ್ ಬಹರೈನ್ ದ್ವಾರ ದಾಟಿ ಸೂಕ್‌ನ ಓಣಿಗಳಲ್ಲಿ ನಡೆದರೆ ಚಿನ್ನ, ಅತ್ತರು, ಬಟ್ಟೆ, ಮಸಾಲೆ, ಮೊಬೈಲ್ ಎಲ್ಲವೂ ಸಿಗುತ್ತವೆ. ಹಾಡಿನ ಅಂಗಡಿ ಮಾತ್ರ ಅಪರೂಪವಾಗಿದೆ. 1980–90ರ ದಶಕಗಳಲ್ಲಿ ಕೊಲ್ಲಿ ನಾಡಿಗೆ ದುಡಿಯಲು ಹೋದವರಿಗೆ ಕ್ಯಾಸೆಟ್ ಅಂಗಡಿಗಳ ನೆನಪು ಚೆನ್ನಾಗಿಯೇ ಇರುತ್ತದೆ. ಗೋಡೆ ತುಂಬ ಜೋಡಿಸಿಟ್ಟ ಕ್ಯಾಸೆಟ್‌ಗಳು, ಬಾಗಿಲಲ್ಲೇ ಜೋರಾಗಿ ಹಾಡುವ ಡೆಕ್, ಅರಬ್ಬೀ, ಹಿಂದಿ, ಮಲಯಾಳ ಹಾಡುಗಳ ನಡುವೆ ಎಲ್ಲೋ ಒಂದು ರಾಜ್‌ಕುಮಾರ್ ಮುಖ ಕಂಡರೆ ಆ ವಾರದ ರಜೆ ಸಾರ್ಥಕ.

ಬಹರೈನ್‌ಗೂ ಧ್ವನಿಮುದ್ರಿಕೆಗೂ ಇರುವ ನಂಟು ಕ್ಯಾಸೆಟ್‌ಗಿಂತ ಹಳೆಯದು, ಅದರಲ್ಲಿ ನಮ್ಮ ದೇಶದ ಪಾಲೂ ಇದೆ. ಒಮಾನ್‌ನ ಸೂರ್ ಪಟ್ಟಣದ ಗಾಯಕ ಸಾಲಿಂ ರಾಶಿದ್ ಸೂರಿ 'ಹಾಡುವ ನಾವಿಕ' ಎಂದೇ ಹೆಸರಾದವರು. ಮುಂಬೈಯಲ್ಲಿ ಬಹುಕಾಲ ಇದ್ದು, ಅರಬ್ಬೀ 'ಸೌತ್' ಸಂಗೀತಕ್ಕೆ ಹಿಂದೂಸ್ತಾನಿ ಛಾಯೆ ಬೆರೆಸಿ ಹಾಡಿದರು. ಆಮೇಲೆ ಬಹರೈನ್‌ಗೆ ಬಂದು 'ಸಾಲಿಂಫೋನ್' ಎಂಬ ಸ್ವಂತ ರೆಕಾರ್ಡ್ ಕಂಪನಿ ತೆರೆದರು. ಕೊನೆಗೆ ತಾಯ್ನಾಡು ಒಮಾನ್‌ಗೆ ಮರಳಿ 1979ರಲ್ಲಿ ತೀರಿಕೊಂಡರು. ಆ ಕಂಪನಿ ಇಂದಿಲ್ಲ. ಅದರ ತಟ್ಟೆಗಳು ಸಂಗ್ರಾಹಕರ ಮನೆ ಸೇರಿವೆ.

ಊರಿಗೆ ಬಂದ ಟೂ-ಇನ್-ಒನ್

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ ನಮ್ಮ ಹಳ್ಳಿಗಳಿಗೆ ತಲುಪುವುದರಲ್ಲಿ ಕೊಲ್ಲಿಯ ದುಡಿಮೆಗಾರರ ಪಾತ್ರ ದೊಡ್ಡದು. 1970ರ ದಶಕದಲ್ಲಿ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಸೆಂಟು, ಸೀರೆಯ ಜತೆ ಟೂ-ಇನ್-ಒನ್ ಇರಲೇಬೇಕಿತ್ತು. ಉಡುಪಿ, ಕುಂದಾಪುರ, ಭಟ್ಕಳ, ಕಾಸರಗೋಡಿನ ಎಷ್ಟೋ ಮನೆಗಳ ಮೊದಲ ಟೇಪ್ ರೆಕಾರ್ಡರ್ ಹೀಗೆ ಬಂದದ್ದು. ಇದೇ ಕಾಲದಲ್ಲಿ, 1978ರಲ್ಲಿ, ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಹೊರಬಂತು. ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎಂದು ಹೆಸರಾದ ಇದರ ನಂತರ ಭಾವಗೀತೆ, ಭಕ್ತಿಗೀತೆ, ಯಕ್ಷಗಾನದ ಕ್ಯಾಸೆಟ್‌ಗಳು ಸಾಲುಸಾಲಾಗಿ ಬಂದವು. ರಜೆ ಮುಗಿಸಿ ಹೊರಟವರ ಚೀಲದಲ್ಲಿ ಉಪ್ಪಿನಕಾಯಿ, ಹಪ್ಪಳದ ಪಕ್ಕದಲ್ಲಿ ಅವೂ ಕೊಲ್ಲಿಗೆ ಹೋದವು.

ಒಂದೊಂದೇ ಬಾಗಿಲು ಮುಚ್ಚಿತು

ಸಿಡಿ ಬಂತು, ನಕಲಿ ಸಿಡಿ ಬಂತು, ಡೌನ್‌ಲೋಡ್ ಬಂತು. ಈಗ ಹಾಡು ಜೇಬಿನ ಫೋನಿನಲ್ಲೇ ಇದೆ. ಇದರ ಹೊಡೆತಕ್ಕೆ ದೊಡ್ಡ ಹೆಸರುಗಳೂ ಉಳಿಯಲಿಲ್ಲ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗುವ ಮೊದಲು ಕರಾವಳಿಯವರು ಕೊಲ್ಲಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಮುಂಬೈ ಮೂಲಕ. ಆ ಮುಂಬೈಯ ಕಾಲಾಘೋಡಾದಲ್ಲಿ 1940ರ ದಶಕದಿಂದ ಇದ್ದ 'ರಿದಂ ಹೌಸ್' ಸಂಗೀತಪ್ರಿಯರ ಮನೆಯಂತಿತ್ತು. ಗಾಜಿನ ಕೋಣೆಯಲ್ಲಿ ನಿಂತು ರೆಕಾರ್ಡ್ ಕೇಳಿ, ಇಷ್ಟವಾದರೆ ಕೊಳ್ಳುವ ಸೌಲಭ್ಯ ಅಲ್ಲಿತ್ತು. 2016ರ ಫೆಬ್ರುವರಿ ಕೊನೆಗೆ ಅದೂ ಬಾಗಿಲು ಹಾಕಿತು. ಕೊನೆಯ ದಿನಗಳಲ್ಲಿ ಹಳೆಯ ಗಿರಾಕಿಗಳು ವಿದಾಯ ಹೇಳಲು ಬಂದಿದ್ದರು.

ಬೆಂಗಳೂರಿನಲ್ಲಿ ಕಥೆ ಇನ್ನೊಂದು ತಿರುವು ಪಡೆಯಿತು. ಇಂದು ಊರೂರಲ್ಲಿ ಮಳಿಗೆ ಹೊಂದಿರುವ 'ಸಂಗೀತಾ ಮೊಬೈಲ್ಸ್' 1974ರಲ್ಲಿ ಆರಂಭವಾದದ್ದು ಗ್ರಾಮಫೋನ್ ರೆಕಾರ್ಡ್ ಮಾರುವ ಅಂಗಡಿಯಾಗಿ. ಮಾರುವ ಸರಕು ಬದಲಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು.

ಅಂಗಡಿಯಲ್ಲಿ ಸಿಗದ ಕ್ಯಾಸೆಟ್

ಅಂಗಡಿ ಮುಚ್ಚಿದರೂ ಅಲ್ಲಿ ಮಾರಿದ ಹಾಡುಗಳಲ್ಲಿ ಬಹುಪಾಲು ಇಂದು ಅಂತರ್ಜಾಲದಲ್ಲಿ ಸಿಗುತ್ತವೆ. ಆದರೆ ಅದೇ ಅಂಗಡಿಯಿಂದ ಕೊಂಡ ಖಾಲಿ ಕ್ಯಾಸೆಟ್‌ನಲ್ಲಿ ತುಂಬಿಸಿದ್ದು ಎಲ್ಲೂ ಸಿಗುವುದಿಲ್ಲ. ಫೋನ್ ಕರೆ ದುಬಾರಿಯಾಗಿದ್ದ ಕಾಲದಲ್ಲಿ ಎಷ್ಟೋ ಮಂದಿ ತಮ್ಮ ಮಾತನ್ನೇ ಕ್ಯಾಸೆಟ್‌ಗೆ ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಓದಲು ಬಾರದ ಅಮ್ಮನಿಗೆ ಅದೇ ಪತ್ರ. ಮರಳಿ ಹೋಗುವ ಕ್ಯಾಸೆಟ್‌ನಲ್ಲಿ ಮಗುವಿನ ತೊದಲು ಮಾತು, ಅಜ್ಜಿಯ ಆಶೀರ್ವಾದ, ಹಿನ್ನೆಲೆಯಲ್ಲಿ ಕೋಳಿ ಕೂಗು. ಅಪ್ಪ ತೀರಿಹೋದ ಎಷ್ಟೋ ಮನೆಗಳಲ್ಲಿ ಅವರ ಧ್ವನಿ ಈಗ ಉಳಿದಿರುವುದು ಆ ಒಂದೇ ಟೇಪಿನಲ್ಲಿ.

ಆ ಟೇಪಿಗೂ ಆಯುಷ್ಯವಿದೆ. ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ಕಾಂತೀಯ ಪುಡಿಯೇ ಧ್ವನಿಯನ್ನು ಹಿಡಿದಿಟ್ಟಿರುವುದು. ಕರಾವಳಿಯ ತೇವಕ್ಕೆ ಅದರ ಮೇಲೆ ಬೂಷ್ಟು ಬರುತ್ತದೆ, ಅಂಟು ಸಡಿಲವಾಗುತ್ತದೆ. ಹಾಗಾಗಿ ಈ ಬಾರಿ ರಜೆಗೆ ಬಂದಾಗ ಕಪಾಟು ತೆರೆದು ನೋಡಿ:

• ಕ್ಯಾಸೆಟ್‌ನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ. ಆಗ ಕೈತಪ್ಪಿ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ.

• ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಿ ನೋಡಬೇಡಿ. ಟೇಪ್ ತುಂಡಾಗಬಹುದು, ಪ್ಲೇಯರ್ ಹಾಳಾಗಬಹುದು. ಅನುಭವಿಗಳ ಕೈಗೆ ಕೊಡಿ.

• ಚೆನ್ನಾಗಿದ್ದರೆ ಮೊದಲು ಪ್ಲೇಯರ್‌ನ ಹೆಡ್ ಒರೆಸಿ. ಬಳಿಕ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ. ಆಮೇಲೆ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರ್‌ನ ಲೈನ್-ಇನ್‌ಗೆ ತಂತಿ ಜೋಡಿಸಿ ರೆಕಾರ್ಡ್ ಮಾಡಿಕೊಳ್ಳಿ. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷವೇ ಬೇಕು, ಅವಸರಕ್ಕೆ ದಾರಿಯಿಲ್ಲ.

• ಕ್ಯಾಸೆಟ್‌ನ ಗೂಡು ಒಡೆದಿದ್ದರೆ ಎಸೆಯಬೇಡಿ. ಒಳಗಿನ ಸುರುಳಿಯನ್ನು ಬೇರೊಂದು ಗೂಡಿಗೆ ಹಾಕಿಸಬಹುದು.

• ಒಂದು ಪ್ರತಿ ಊರಿನಲ್ಲಿ, ಇನ್ನೊಂದು ನೀವಿರುವ ನಾಡಿನಲ್ಲಿ ಇರಲಿ. ಯಾರ ಧ್ವನಿ, ಯಾವ ವರ್ಷ ಎಂದು ಹೆಸರಿನ ಜತೆ ಬರೆದಿಡಿ. ಮೂಲ ಕ್ಯಾಸೆಟ್ ಕೂಡ ಹಾಗೇ ಇರಲಿ.

ಕೆಲಸ ಮಾಡುವ ಟೇಪ್ ರೆಕಾರ್ಡರ್, ಅದನ್ನು ರಿಪೇರಿ ಮಾಡುವ ಕೈ ಎರಡೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಊರಿನ ಹಳೇ ರೇಡಿಯೊ ಮೆಕ್ಯಾನಿಕ್ ಇನ್ನೂ ಅಂಗಡಿ ತೆರೆಯುತ್ತಿದ್ದರೆ ಈ ರಜೆಯಲ್ಲೇ ಹೋಗಿ ಬನ್ನಿ.