ಪ್ರಸವಪೂರ್ವ ಮೆದುಳಿನ ಬೆಳವಣಿಗೆ

ಗರ್ಭಸ್ಥ ಶಿಶುವಿನ ಮೆದುಳಿನಲ್ಲಿ ನರಕೋಶಗಳು ಹುಟ್ಟಿ, ತಮ್ಮ ನೆಲೆಗೆ ಸಾಗಿ, ಪರಸ್ಪರ ಬೆಸೆದುಕೊಳ್ಳುವ ಕ್ರಿಯೆಯೇ ಪ್ರಸವಪೂರ್ವ ಮೆದುಳಿನ ಬೆಳವಣಿಗೆ. ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಕೋಶಪದರವು ಮಡಿಚಿಕೊಂಡು ನರನಾಳವಾಗತೊಡಗುತ್ತದೆ. ಸುಮಾರು 28ನೆಯ ದಿನಕ್ಕೆ ಅದು ಮುಚ್ಚಿಕೊಳ್ಳುತ್ತದೆ. ಅದರ ಮೇಲ್ಭಾಗ ಮೆದುಳಾಗಿ, ಉಳಿದದ್ದು ಬೆನ್ನುಹುರಿಯಾಗಿ ಬೆಳೆಯುತ್ತದೆ.

ಕೋಶಗಳ ವಲಸೆ

ನಾಳದ ಒಳಗೋಡೆಯ ಮೂಲಕೋಶಗಳು ವಿಭಜನೆಗೊಂಡು ನರಕೋಶಗಳನ್ನು ಹುಟ್ಟಿಸುತ್ತವೆ. ಬಳ್ಳಿಯು ಚಪ್ಪರದ ಕಂಬವನ್ನೇರುವಂತೆ ಇವು ಆಧಾರಕೋಶಗಳ ಎಳೆಗಳನ್ನು ಹಿಡಿದು ಹೊರಪದರದತ್ತ ಸಾಗುತ್ತವೆ. ಮೊದಲು ಬಂದವು ಆಳದಲ್ಲಿ ನೆಲೆನಿಂತರೆ, ನಂತರದವು ಅವುಗಳನ್ನು ದಾಟಿ ಮೇಲೆ ನೆಲೆಸುತ್ತವೆ.

ತಾಯಿಯ ಪೋಷಣೆ

ಫೋಲಿಕ್ ಆಮ್ಲದ ಕೊರತೆಯಿಂದ ನರನಾಳವು ಮುಚ್ಚದೆ ಉಳಿಯುವ ಅಪಾಯ ಹೆಚ್ಚುತ್ತದೆ. ಅನೇಕರಿಗೆ ಗರ್ಭ ನಿಂತ ಅರಿವಾಗುವ ಮುನ್ನವೇ ಈ ಹಂತ ಮುಗಿದಿರುತ್ತದೆ. ಆದುದರಿಂದ ಗರ್ಭಧಾರಣೆಗೆ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಸೇವನೆಯನ್ನು ಆರಂಭಿಸಲು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೆದುಳು ವಸ್ತುಸಂಗ್ರಹಾಲಯದಲ್ಲಿ ವಿದ್ಯಾರ್ಥಿಗಳು ಮಾನವ ಮೆದುಳನ್ನು ಪ್ರತ್ಯಕ್ಷವಾಗಿ ನೋಡಬಹುದು.