ಕ್ಷಣದ ಓಲೆಕಾರನಿಗೆ ಮನೆ ಕಟ್ಟುವ ಮುನ್ನ

ನಮ್ಮ ಕಾಲೇಜಿನ ಕಛೇರಿಯಲ್ಲಿ ರಟ್ಟು ಹಾಕಿದ ಉದ್ದನೆಯ ಪುಸ್ತಕವೊಂದಿದೆ. ಅದಕ್ಕೆ ಸುತ್ತೋಲೆ ಪುಸ್ತಕವೆಂದು ಹೆಸರು. ಪ್ರಾಂಶುಪಾಲರು ಏನಾದರೊಂದು ವಿಷಯವನ್ನು ಎಲ್ಲರಿಗೂ ತಿಳಿಸಬೇಕಾದಾಗ ಅದರಲ್ಲಿ ಬರೆಯಿಸುವರು. ಅಟೆಂಡರು ಅದನ್ನು ಕಂಕುಳಲ್ಲಿಟ್ಟುಕೊಂಡು ಕೊಠಡಿಯಿಂದ ಕೊಠಡಿಗೆ ಹೋಗಿ ರುಜು ಹಾಕಿಸಿಕೊಂಡು ಬರುವರು. ಮೂರು ಕಟ್ಟಡಗಳನ್ನೂ ೨೪೦ ಮಂದಿ ಸಿಬ್ಬಂದಿಯನ್ನೂ ಸುತ್ತಿ ಬರಲು ಅರ್ಧ ದಿನ ಹಿಡಿಯುವುದು. ಪ್ರತಿಯೊಬ್ಬರ ಕೈಗೂ ಫೋನು ಬಂದ ಮೇಲೆ ಕೆಲಸದ ಮಾತೆಲ್ಲ ಅಲ್ಲಿಯೇ ನಡೆಯತೊಡಗಿತು. ಆದರೆ ಅಂಕಪಟ್ಟಿಯೂ ನೆಂಟರ ಮನೆಯ ಮದುವೆಯ ಚಿತ್ರಗಳೂ ಒಂದೇ ಕಡೆ ಬಂದು ಬೀಳುವುದು ಯಾರಿಗೂ ಹಿತವಾಗಲಿಲ್ಲ. ವಿದ್ಯಾರ್ಥಿಗಳ ಅಂಕಗಳು ಯಾವ ದೇಶದ ಯಾವ ಯಂತ್ರದಲ್ಲಿ ಉಳಿಯುವುವೆಂದು ಹೇಳುವವರೂ ಇರಲಿಲ್ಲ. ಆದುದರಿಂದ ಕಾಲೇಜಿನೊಳಗೇ ತತ್‌ಕ್ಷಣ ಸಂದೇಶಗಳ ಸರ್ವರ್ ಒಂದನ್ನು ಸ್ಥಾಪಿಸುವುದೆಂದು ನಿರ್ಧಾರವಾಯಿತು. ತಂತಿಯಿರುವ ವಸ್ತುವೆಲ್ಲ ಭೌತಶಾಸ್ತ್ರದವರಿಗೆ ಸೇರಿದ್ದೆಂಬ ನಂಬಿಕೆ ಇತರ ಕಾಲೇಜುಗಳಲ್ಲಿರುವಂತೆ ನಮ್ಮಲ್ಲಿಯೂ ಇರುವುದರಿಂದ ಕೆಲಸವು ನಮ್ಮ ವಿಭಾಗದ ಪಾಲಿಗೆ ಬಂದಿತು.

ಮೊದಲನೆಯ ಸಲ ನಾವು ಅದನ್ನು ತಪ್ಪಾಗಿ ಮಾಡಿದೆವು. ಎಲ್ಲಿ ತಪ್ಪಿದೆವೆಂಬುದನ್ನು ತಿಳಿಯಬೇಕಾದರೆ ಇಂತಹ ಸರ್ವರ್ ಮಾಡತಕ್ಕ ಕೆಲಸವೇನೆಂಬುದನ್ನು ಮೊದಲು ನೋಡಬೇಕು.

ಅಂಚೆಯವನು ಕಾಗದವನ್ನು ಪೆಟ್ಟಿಗೆಯಲ್ಲಿ ಹಾಕಿ ಹೋಗುವನು. ನಮಗೆ ಬಿಡುವಾದಾಗ ತೆಗೆದು ಓದುವೆವು. ಇ-ಮೇಲಿನ ರೀತಿಯೂ ಹೆಚ್ಚು ಕಡಿಮೆ ಇದೇ. ಜಾಲದ ಪುಟವೊಂದನ್ನು ನೋಡುವಾಗಲಾದರೋ, ಕೇಳಿದ್ದು ದೊರೆತ ಕೂಡಲೇ ಸಂಬಂಧವು ಮುಗಿಯಿತೆನ್ನಬಹುದು. ತತ್‌ಕ್ಷಣ ಸಂದೇಶದ ಬಗೆ ಬೇರೆ. ನಿಮಗೆ ಯಾರು ಯಾವಾಗ ಏನು ಬರೆಯುವರೋ ತಿಳಿಯದು. ಬರೆದ ಮರುಕ್ಷಣವೇ ಅದು ನಿಮ್ಮ ಮುಂದೆ ಕಾಣಬೇಕು. ಇದಕ್ಕಾಗಿ ನಿಮ್ಮ ಫೋನೂ ಸರ್ವರೂ ತಮ್ಮ ನಡುವಣ ಸಂಪರ್ಕವನ್ನು ಕಡಿಯದೆ ಹಿಡಿದುಕೊಂಡೇ ಇರುವುವು. ದೂರವಾಣಿಯ ರಿಸೀವರನ್ನು ಬೆಳಗ್ಗೆ ಎತ್ತಿ ಕಿವಿಗಿಟ್ಟುಕೊಂಡವರು ಸಂಜೆಯವರೆಗೆ ಕೆಳಗಿಡದೆ, ಬಹುಪಾಲು ಮೌನವಾಗಿಯೇ ಕುಳಿತಿರುವಂತೆ ಇದು. ಆದುದರಿಂದ ಸರ್ವರಿನ ಹೊರೆಯನ್ನು ಅಳೆಯುವಾಗ ದಿನಕ್ಕೆ ಎಷ್ಟು ಸಂದೇಶಗಳೆಂದು ಕೇಳುವುದಕ್ಕಿಂತ, ಏಕಕಾಲದಲ್ಲಿ ಎಷ್ಟು ಸಂಪರ್ಕಗಳೆಂದು ಕೇಳುವುದೇ ಮುಖ್ಯ.

ಇಂತಹ ಸಂಭಾಷಣೆಗೆ ಒಂದು ಸಮಾನ ಭಾಷೆ ಬೇಕಷ್ಟೆ. ಅಮೆರಿಕದ ಜೆರೆಮಿ ಮಿಲ್ಲರ್ ಎಂಬವರು ಜ್ಯಾಬರ್ ಎಂಬ ಹೆಸರಿನಿಂದ ೧೯೯೯ರ ಜನವರಿಯಲ್ಲಿ ಒಂದನ್ನು ಪ್ರಕಟಿಸಿದರು. ಅದೇ ೨೦೦೪ರಲ್ಲಿ ಎಕ್ಸ್‌ಎಂಪಿಪಿ ಎಂಬ ಹೆಸರಿನಿಂದ ಅಂತರಜಾಲದ ನಿಯಮಾವಳಿಗಳಲ್ಲಿ ಒಂದಾಯಿತು; ೨೦೧೧ರಲ್ಲಿ ಪರಿಷ್ಕೃತವೂ ಆಯಿತು. ಈ ಭಾಷೆಯನ್ನು ಬಲ್ಲ ಸರ್ವರ್ ತಂತ್ರಾಂಶಗಳಲ್ಲಿ ಎಜ್ಯಾಬರ್‌ಡಿ ಎಂಬುದೊಂದು. ಅಲೆಕ್ಸೀ ಶೆಪಿನ್ ಎಂಬವರು ೨೦೦೨ರಲ್ಲಿ ಇದರ ರಚನೆಯನ್ನು ಆರಂಭಿಸಿದರು. ಇದು ಬೆಲೆಯಿಲ್ಲದೆ ದೊರೆಯುವುದಾದುದರಿಂದ ನಾವು ಇದನ್ನೇ ಆರಿಸಿಕೊಂಡೆವು. ಇಂದು ಲೋಕಪ್ರಸಿದ್ಧವಾಗಿರುವ ವಾಟ್ಸ್‌ಆ್ಯಪ್ ಸಹ ಮೊದಲು ಈ ತಂತ್ರಾಂಶದ ತಳಹದಿಯ ಮೇಲೆಯೇ ಕೆಲಸ ಆರಂಭಿಸಿತು. ೨೦೧೨ರ ಹೊತ್ತಿಗೆ ಅದರ ಇಂಜಿನಿಯರುಗಳು ಒಂದೇ ಯಂತ್ರದಲ್ಲಿ ೨೦ ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ಹಿಡಿದಿಟ್ಟು ತೋರಿಸಿದ್ದರು. ಹಾಗಿರುವಾಗ ಕೇವಲ ೨೪೦ ಮಂದಿಗೆ ಯೋಜನೆಯೇಕೆ, ಲೆಕ್ಕಾಚಾರವೇಕೆ ಎಂದು ನಮ್ಮಲ್ಲಿ ಕೆಲವರು ನಕ್ಕರು. ನಾವೂ ನಕ್ಕೆವೆಂಬುದನ್ನು ಮುಚ್ಚಿಡಲಾಗದು.

ಎಜ್ಯಾಬರ್‌ಡಿಯನ್ನು ಬರೆದಿರುವುದು ಎರ್ಲಾಂಗ್ ಎಂಬ ಗಣಕಭಾಷೆಯಲ್ಲಿ. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ, ದೂರವಾಣಿ ವಿನಿಮಯ ಕೇಂದ್ರಗಳ ಕೆಲಸಕ್ಕಾಗಿ, ೧೯೮೬ರಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಸಂಗಡಿಗರು ಈ ಭಾಷೆಯನ್ನು ರೂಪಿಸತೊಡಗಿದರು. ಅದು ಹೊತ್ತಿರುವ ಹೆಸರು ಡೆನ್ಮಾರ್ಕಿನ ಆಗ್ನರ್ ಕ್ರಾರುಪ್ ಎರ್ಲಾಂಗ್ (೧೮೭೮–೧೯೨೯) ಅವರದು. ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಈತ ೧೯೦೮ರಲ್ಲಿ ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯನ್ನು ಸೇರಿದರು. ಎಷ್ಟು ಮಂದಿಗೆ ಎಷ್ಟು ತಂತಿಗಳನ್ನು ಎಳೆದರೆ ಸಾಕು ಎಂಬುದು ಅಲ್ಲಿನ ಪ್ರಶ್ನೆ. ೧೯೧೭ರಲ್ಲಿ ಅವರು ಪ್ರಕಟಿಸಿದ ಸೂತ್ರವನ್ನು ಇಂದಿಗೂ ಬಳಸುತ್ತಾರೆ. ಅದನ್ನು ಒಂದು ಚಿಕ್ಕ ಲೆಕ್ಕದಿಂದ ನೋಡೋಣ.

ಒಂದು ಊರಿನಿಂದ ಗಂಟೆಗೆ ಸರಾಸರಿ ೩೦ ಕರೆಗಳು ಹೊರಡುವುವೆಂದೂ, ಪ್ರತಿಯೊಂದೂ ಸರಾಸರಿ ೪ ನಿಮಿಷ ನಡೆಯುವುದೆಂದೂ ಇಟ್ಟುಕೊಳ್ಳಿ. ಒಟ್ಟು ೧೨೦ ನಿಮಿಷಗಳ ಮಾತು. ಅಂದರೆ ಯಾವುದೇ ಕ್ಷಣದಲ್ಲಿ ಸರಾಸರಿ ಎರಡು ಕರೆಗಳು ನಡೆಯುತ್ತಿರುವುವು. ಹಾಗಾದರೆ ಎರಡು ತಂತಿಗಳು ಸಾಕೇ? ೧, ೨, ೪/೨ ಎಂಬ ಮೂರು ಪದಗಳನ್ನು ಕೂಡಿ, ಕೊನೆಯ ಪದವನ್ನು ಆ ಮೊತ್ತದಿಂದ ಭಾಗಿಸಿದರೆ ೨/೫ ಬರುವುದು. ನೂರರಲ್ಲಿ ೪೦ ಮಂದಿ ನಿರಾಶರಾಗಿ ಹಿಂದಿರುಗಬೇಕೆಂದಾಯಿತು! ಐದು ತಂತಿಗಳಿದ್ದರೆ, ೧, ೨, ೪/೨, ೮/೬, ೧೬/೨೪, ೩೨/೧೨೦ ಇವುಗಳನ್ನು ಕೂಡಿ ಕೊನೆಯದನ್ನು ಮೊತ್ತದಿಂದ ಭಾಗಿಸಬೇಕು. ನಿರಾಶರಾಗುವವರು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಆರನೆಯ ತಂತಿಯನ್ನೂ ಎಳೆದರೆ ಏನಾಗುವುದೆಂಬುದನ್ನು ವಾಚಕರೇ ಲೆಕ್ಕಹಾಕಿ ನೋಡಬಹುದು. ಸರಾಸರಿಯನ್ನು ನಂಬಿ ಕಟ್ಟಿದ್ದು ಸಾಲುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಆದರೆ ಈ ಲೆಕ್ಕದ ಬುಡದಲ್ಲಿ ಒಂದು ನಂಬಿಕೆ ಅಡಗಿದೆ. ಕರೆಮಾಡುವವರು ಒಬ್ಬರನ್ನೊಬ್ಬರು ಕೇಳಿಕೊಂಡು ಬರುವುದಿಲ್ಲ, ತಮತಮಗೆ ತೋಚಿದಾಗ ಸ್ವತಂತ್ರವಾಗಿ ಬರುವರು ಎಂಬುದೇ ಅದು. ವಿಕಿರಣಶೀಲ ವಸ್ತುವಿನ ಪರಮಾಣುಗಳು ಒಂದನ್ನೊಂದು ಕೇಳದೆ ಒಡೆಯುವ ರೀತಿಯೂ ಇದೇ ಅಲ್ಲವೆ? ಜನರೆಲ್ಲ ಒಟ್ಟಿಗೆ ನುಗ್ಗಿದರೆ ಸೂತ್ರವು ಬಾಯಿ ಮುಚ್ಚಿಕೊಳ್ಳುವುದು. ಅವರನ್ನು ಒಟ್ಟಿಗೆ ನುಗ್ಗಿಸುವಂತಹುದು ಯಾವುದು? ನಮ್ಮ ಊರುಗಳಲ್ಲಿ ಇದಕ್ಕೆ ಉತ್ತರ ಹುಡುಕಬೇಕಾಗಿಲ್ಲ: ಹೋದ ವಿದ್ಯುತ್ತು ಮರಳಿ ಬರುವ ಕ್ಷಣ.

ಪ್ರಯೋಗಶಾಲೆಯ ಹಳೆಯ ಗಣಕವೊಂದರಲ್ಲಿ ನಾವು ಸರ್ವರನ್ನು ಸ್ಥಾಪಿಸಿ ಹನ್ನೆರಡು ಮಂದಿಯೊಡನೆ ಎರಡು ವಾರ ಪರೀಕ್ಷಿಸಿದೆವು. ಸೊಗಸಾಗಿ ನಡೆಯಿತು. ಎಲ್ಲರಿಗೂ ತೆರೆದೆವು, ಅದೂ ಸೊಗಸಾಗಿಯೇ ನಡೆಯಿತು. ಒಬ್ಬೊಬ್ಬರಿಗೆ ಮೇಜಿನ ಗಣಕ ಒಂದು, ಫೋನು ಒಂದು. ಹೀಗೆ ೪೮೦ ಸಂಪರ್ಕಗಳು. ಸರ್ವರಿಗೆ ಯು.ಪಿ.ಎಸ್. ಇತ್ತು. ಕಟ್ಟಡಗಳಲ್ಲಿ ಜಾಲದ ತಂತಿಗಳನ್ನು ಕೂಡಿಸುವ ಸ್ವಿಚ್ಚುಗಳಿಗೆ ಮಾತ್ರ ಇರಲಿಲ್ಲ. ಅದೊಂದು ಖರ್ಚನ್ನು ಉಳಿಸಿದ್ದೆವು.

ಆಂತರಿಕ ಪರೀಕ್ಷೆಯ ದಿನ ಬೆಳಗ್ಗೆ ಗುಡುಗು ಮಳೆ ಬಂದು, ಹತ್ತು ನಿಮಿಷಗಳೊಳಗೆ ವಿದ್ಯುತ್ತು ಎರಡು ಬಾರಿ ಹೋಗಿ ಬಂದಿತು. ಅದೇ ಹೊತ್ತಿಗೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಒಂದು ತಪ್ಪು ಕಣ್ಣಿಗೆ ಬಿತ್ತು. ಮಸೂರದ ನಾಭಿದೂರ ೨೦ ಸೆಂ.ಮೀ. ಎಂದಿರಬೇಕಾದಲ್ಲಿ ೨ ಸೆಂ.ಮೀ. ಎಂದು ಅಚ್ಚಾಗಿತ್ತು. ಹನ್ನೊಂದು ಕೊಠಡಿಗಳ ಮೇಲ್ವಿಚಾರಕರಿಗೂ ತಿದ್ದುಪಡಿಯನ್ನು ಕಳುಹಿಸಿದೆವು. ಸಂದೇಶ ಹೊರಟಿತೆಂಬ ಗುರುತೂ ಕಂಡಿತು. ತಲಪಿದ್ದು ನಾಲ್ಕು ಕೊಠಡಿಗಳಿಗೆ ಮಾತ್ರ. ಅದು ನಮಗೆ ತಿಳಿಯುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಕೊನೆಗೆ ಸುತ್ತೋಲೆ ಪುಸ್ತಕವೇ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಹೊರಟಿತು. ಆ ಪ್ರಶ್ನೆಯ ಐದು ಅಂಕಗಳನ್ನು ಎಲ್ಲರಿಗೂ ಕೊಟ್ಟುಬಿಟ್ಟೆವು. ಮರುದಿನ ಒಬ್ಬ ವಿದ್ಯಾರ್ಥಿನಿ ಬಂದು, “ಸರ್, ನಾನು ೨ ಸೆಂ.ಮೀ. ಎಂದೇ ಸರಿಯಾಗಿ ಬಿಡಿಸಿದ್ದೆ. ನೀವು ತಿದ್ದಿ ಹೇಳಿದ ಮೇಲೆ ಹೊಡೆದುಹಾಕಿ ಮತ್ತೆ ಬರೆದೆ. ಕೊನೆಯ ಎರಡು ಪ್ರಶ್ನೆಗಳಿಗೆ ಹೊತ್ತು ಸಾಲಲಿಲ್ಲ” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಆದದ್ದೇನೆಂಬುದನ್ನು ಆ ವಾರವೆಲ್ಲ ಕುಳಿತು ಹುಡುಕಿದೆವು. ಫೋನನ್ನು ನೀವೇ ಮುಚ್ಚಿದರೆ ಅದು ಸರ್ವರಿಗೆ ‘ಹೋಗಿ ಬರುತ್ತೇನೆ’ ಎಂದು ಹೇಳಿಯೇ ಹೋಗುವುದು. ನಡುವಣ ಸ್ವಿಚ್ಚು ಆರಿಹೋದರೆ ಹಾಗೆ ಹೇಳುವ ದಾರಿಯೇ ಇಲ್ಲ. ಅತ್ತ ಕಡೆ ಯಾರೂ ಇಲ್ಲವೆಂದು ತಿಳಿಯದೆ ಸರ್ವರ್ ಆ ಸಂಪರ್ಕವನ್ನು ಹಿಡಿದುಕೊಂಡೇ ಇರುವುದು. ಕಳುಹಿಸಿದ್ದಕ್ಕೆ ಉತ್ತರ ಬಾರದಿದ್ದರೆ ಲಿನಕ್ಸ್ ವ್ಯವಸ್ಥೆಯು ವಾಡಿಕೆಯಂತೆ ಸುಮಾರು ೧೫ ನಿಮಿಷ ಮತ್ತೆ ಮತ್ತೆ ಕಳುಹಿಸಿ ನೋಡುವುದು, ಆ ಮೇಲೆಯೇ ಆಸೆ ಬಿಡುವುದು. ಈ ನಡುವೆ ವಿದ್ಯುತ್ತು ಬಂದಿತು. ೪೮೦ ಯಂತ್ರಗಳೂ ಹೊಸ ಸಂಪರ್ಕ ಬೇಡಿದುವು. ನಾವು ಹಂಚಿದ್ದ ಬಳಕೆಯ ತಂತ್ರಾಂಶವು ಪ್ರತಿಸಲವೂ ಹೊಸ ಗುರುತು ಹೇಳಿಕೊಂಡು ಬರುತ್ತಿದ್ದುದರಿಂದ ಹಳೆಯವನೇ ಬಂದನೆಂದು ಸರ್ವರಿಗೆ ತಿಳಿಯಲಿಲ್ಲ. ಸತ್ತ ಸಂಪರ್ಕಗಳು ೪೮೦, ಜೀವಂತ ೪೮೦, ಒಟ್ಟು ೯೬೦. ಮತ್ತೊಮ್ಮೆ ವಿದ್ಯುತ್ತು ಹೋಯಿತು, ಬಂದಿತು. ಈಗ ೧೪೪೦ ಬೇಕು. ಯೂನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿ ಪ್ರತಿಯೊಂದು ಸಂಪರ್ಕವನ್ನೂ ತೆರೆದ ಕಡತವೆಂದೇ ಎಣಿಸುವರು. ಒಂದು ಕಾರ್ಯಕ್ರಮವು ಏಕಕಾಲದಲ್ಲಿ ತೆರೆದಿಡಬಹುದಾದ ಕಡತಗಳಿಗೆ, ನಾವು ಬದಲಾಯಿಸದ ಹೊರತು, ೧೦೨೪ ಎಂಬ ಮಿತಿಯಿರುವುದು ವಾಡಿಕೆ. ನಾವು ಬದಲಾಯಿಸಿರಲಿಲ್ಲ. ಸುಮಾರು ೬೦ ಯಂತ್ರಗಳು ಒಳಗೆ ಬಂದುವು, ಬಾಗಿಲು ಮುಚ್ಚಿತು. ಹೊರಗೆ ಉಳಿದವರಿಗೆ ಹೋಗಬೇಕಾದ ತಿದ್ದುಪಡಿಯನ್ನು ಸರ್ವರ್ ನಿಷ್ಠೆಯಿಂದ ಸತ್ತ ಸಂಪರ್ಕಗಳಿಗೆ ಒಪ್ಪಿಸಿ, ಕೆಲಸ ಮುಗಿಯಿತೆಂದು ಬರೆದುಕೊಂಡಿತು.

ಯಂತ್ರದ ಶಕ್ತಿಗೆ ಕೊರತೆಯಿರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಸಾಲಿನ ಸಂಖ್ಯೆಯನ್ನು ತಿದ್ದಿದ್ದರೆ ಸಾಕಾಗಿತ್ತು. ಆದರೆ ಯಾವ ಸಾಲೆಂಬುದು, ೪೮೦ನ್ನು ಮೂರರಿಂದ ಗುಣಿಸಿ ನೋಡದವರಿಗೆ ತಿಳಿಯುವಂತಿಲ್ಲ.

ಎರಡನೆಯ ಸಲ ಮೊದಲು ಕಾಗದ ಪೆನ್ಸಿಲುಗಳೊಡನೆ ಕುಳಿತೆವು. ಮಿತಿಯನ್ನು ೬೫,೫೩೬ಕ್ಕೆ ಏರಿಸಿದೆವು. ಸರ್ವರ್ ಆಗಾಗ ಪ್ರತಿಯೊಬ್ಬರನ್ನೂ ‘ಇದ್ದೀರಾ?’ ಎಂದು ಕೇಳಿ, ಉತ್ತರ ಬಾರದವರ ಹೆಸರನ್ನು ಹೊಡೆದುಹಾಕುವಂತೆ ಮಾಡಿದೆವು. ತೀರ ಅಡಿಗಡಿಗೆ ಕೇಳಿಸಿದರೆ ಫೋನುಗಳ ಬ್ಯಾಟರಿ ಬೇಗ ಬರಿದಾಗುವುದಾದುದರಿಂದ ಇಲ್ಲಿ ಸ್ವಲ್ಪ ವಿವೇಚನೆ ಬೇಕಾಯಿತು. ಎರಡು ಕಡೆಯವರೂ ತಾವು ಪಡೆದ ಸಂದೇಶಗಳನ್ನು ಎಣಿಸಿ ಒಬ್ಬರಿಗೊಬ್ಬರು ಒಪ್ಪಿಸಿಕೊಳ್ಳುವ, ಲೆಕ್ಕ ತಪ್ಪಿದರೆ ಮತ್ತೆ ಕಳುಹಿಸುವ ಏರ್ಪಾಡು ಈ ಭಾಷೆಯಲ್ಲಿ ಮೊದಲೇ ಇತ್ತು. ಅದನ್ನು ಬಲ್ಲ ಬಳಕೆಯ ತಂತ್ರಾಂಶವನ್ನೇ ಆರಿಸಿ ಎಲ್ಲರಿಗೂ ಕೊಟ್ಟೆವು. ‘ಹೊರಟಿತು’ ಎಂಬುದಕ್ಕೂ ‘ತಲಪಿತು’ ಎಂಬುದಕ್ಕೂ ಈಗ ಬೇರೆ ಬೇರೆ ಗುರುತುಗಳಿವೆ.

ನುಗ್ಗಾಟಕ್ಕೆ ಮದ್ದು ನಿಯಮಾವಳಿಯಲ್ಲಿಯೇ ಇದೆ. ಸಂಪರ್ಕ ಕಡಿದವರು ಒಡನೆಯೇ ಬಾಗಿಲು ಬಡಿಯದೆ, ೦ಯಿಂದ ೬೦ ಸೆಕೆಂಡುಗಳೊಳಗೆ ಯಾವುದಾದರೊಂದು ಕ್ಷಣವನ್ನು ಚೀಟಿಯೆತ್ತಿದಂತೆ ಆರಿಸಿಕೊಂಡು ಬರಬೇಕೆಂದು ೨೦೧೧ರ ಪಾಠವು ಸೂಚಿಸುವುದು. ೪೮೦ ಯಂತ್ರಗಳು ಹೀಗೆ ಹರಡಿಕೊಂಡರೆ ಸೆಕೆಂಡಿಗೆ ಸರಾಸರಿ ಎಂಟು. ವಿದ್ಯುತ್ತು ಒಟ್ಟುಗೂಡಿಸಿದವರನ್ನು ಮತ್ತೆ ಬಿಡಿಬಿಡಿಯಾಗಿಸಿ ಎರ್ಲಾಂಗರ ಲೆಕ್ಕಕ್ಕೆ ಮರಳಿಸುವ ಉಪಾಯವಿದು. ನಮಗೆ ಬಹಳ ಹಿಡಿಸಿತು.

ಇನ್ನೊಂದು ಹೊರೆ ಕಣ್ಣಿಗೆ ಬೀಳುವುದೇ ಇಲ್ಲ. ಹೆಸರಿನ ಪಕ್ಕದಲ್ಲಿ ಕಾಣುವ ಹಸಿರು ಚುಕ್ಕೆಯೇ ಅದು. ಒಂದು ಯಂತ್ರ ಒಳಗೆ ಬಂದರೆ ಉಳಿದ ಎಲ್ಲ ಯಂತ್ರಗಳಿಗೂ ಸುದ್ದಿ ಹೋಗಬೇಕು. ಉಳಿದವುಗಳ ಇರವು ಇದಕ್ಕೂ ತಿಳಿಯಬೇಕು. ೪೮೦ ಯಂತ್ರಗಳೂ ಒಳಬರುವ ಹೊತ್ತಿಗೆ ಇಂತಹ ಸುದ್ದಿಗಳು ೪೮೦ × ೪೭೯, ಎಂದರೆ ೨,೨೯,೯೨೦ ಆಗುವುವು. ಯಾರೂ ಒಂದಕ್ಷರವನ್ನೂ ಬರೆಯುವ ಮೊದಲೇ ಇಷ್ಟು! ಸಂಖ್ಯೆ ಎರಡರಷ್ಟಾದರೆ ಇದು ನಾಲ್ಕರಷ್ಟಾಗುವುದು. ಹಸಿರು ಚುಕ್ಕೆಯನ್ನು ಆಯಾ ವಿಭಾಗದೊಳಗೆ ಮಾತ್ರ ತೋರಿಸುವುದೆಂದು ಗೊತ್ತುಮಾಡಿದೆವು. ಹನ್ನೆರಡು ವಿಭಾಗಗಳು, ಒಂದೊಂದರಲ್ಲಿ ೪೦ ಯಂತ್ರಗಳು; ೧೨ × ೪೦ × ೩೯ = ೧೮,೭೨೦. ಗಣಿತ ವಿಭಾಗದವರಿಗೆ ಕನ್ನಡ ವಿಭಾಗದಲ್ಲಿ ಯಾರು ಕುಳಿತಿರುವರೆಂಬುದು ಕಾಣದೆ ಹೋದುದರಿಂದ ಯಾರಿಗೂ ನಷ್ಟವಾದಂತಿಲ್ಲ.

ಸಂಗ್ರಹದ ವಿಷಯ ಸುಲಭ. ಒಬ್ಬರಿಗೆ ದಿನಕ್ಕೆ ೫೦ ಸಂದೇಶಗಳು, ವರ್ಷಕ್ಕೆ ೨೫೦ ದಿನಗಳು, ಒಂದು ಸಂದೇಶಕ್ಕೆ ೫೦೦ ಬೈಟುಗಳು ಎಂದಿಟ್ಟುಕೊಂಡರೆ ೨೪೦ ಮಂದಿಯ ಮಾತೆಲ್ಲ ವರ್ಷಕ್ಕೆ ಒಂದೂವರೆ ಗಿಗಾಬೈಟು. ಆದರೆ ಪ್ರತಿಯೊಬ್ಬರೂ ದಿನಕ್ಕೊಂದು ೩ ಮೆಗಾಬೈಟಿನ ಚಿತ್ರ ಕಳುಹಿಸಿದರೆ ಅದೇ ೧೮೦ ಗಿಗಾಬೈಟಾಗುವುದು. ಚಿತ್ರಗಳನ್ನು ೩೦ ದಿನಗಳಾದ ಮೇಲೆ ಅಳಿಸುವುದೆಂದಾಯಿತು. ಪ್ರತಿಯೊಂದು ರಾತ್ರಿ ನಕಲು ತೆಗೆದು ಬೇರೆ ಕಟ್ಟಡದಲ್ಲಿರಿಸುತ್ತೇವೆ.

ಗೌಪ್ಯದ ವಿಷಯವು ಇಷ್ಟು ಸುಲಭವಾಗಲಿಲ್ಲ. ದಾರಿಯಲ್ಲಿ ಸಂದೇಶವು ಗೂಢಲಿಪಿಯಲ್ಲಿಯೇ ಸಾಗುವುದು; ಗುಪ್ತಪದವನ್ನು ಸಹ ಸರ್ವರ್ ಇದ್ದಂತೆಯೇ ಇಟ್ಟುಕೊಳ್ಳದೆ, ಹಿಂದಕ್ಕೆ ಬಿಡಿಸಲು ಬಾರದ ಒಂದು ರೂಪದಲ್ಲಿ ಇಟ್ಟುಕೊಳ್ಳಬಲ್ಲುದು. ಆದರೆ ಸರ್ವರೊಳಗೆ ಬಂದು ನಿಂತ ಸಂದೇಶವನ್ನು ಅದರ ಉಸ್ತುವಾರಿಯವರು, ಎಂದರೆ ನಾವು, ಓದಬಹುದು. ಕಳುಹಿಸುವವರ ಫೋನಿನಿಂದ ಪಡೆಯುವವರ ಫೋನಿನವರೆಗೆ ನಡುವೆ ಯಾರೂ ಬಿಡಿಸಲಾಗದಂತೆ ಬೀಗ ಹಾಕುವ ವಿಧಾನವೂ ಉಂಟು. ಹಾಗೆ ಮಾಡಿದರೆ ಕಳೆದ ವರ್ಷದ ತೀರ್ಮಾನವೊಂದನ್ನು ಕಛೇರಿಯವರು ಸರ್ವರಿನಲ್ಲಿ ಹುಡುಕಿ ತೆಗೆಯುವಂತಿಲ್ಲ. ಕೊನೆಗೆ, ಗುಂಪಿನ ಮಾತುಗಳು ಒಂದು ವರ್ಷ ಉಳಿಯುವುದೆಂದೂ, ಇಬ್ಬರ ನಡುವಣ ಮಾತಿಗೆ ಬೀಗವಿರುವುದೆಂದೂ ಸಭೆಯಲ್ಲಿ ಗೊತ್ತಾಯಿತು. ಸಹೋದ್ಯೋಗಿಗಳ ಖಾಸಗಿ ಮಾತಿನ ಕೀಲಿಕೈ ನಮ್ಮ ಬಳಿ ಇಲ್ಲವೆಂಬುದು ನಮಗೇ ಒಂದು ನೆಮ್ಮದಿ.

ಸ್ವಿಚ್ಚುಗಳಿಗೂ ಯು.ಪಿ.ಎಸ್. ಕೊಳ್ಳಲು ಹಣ ಮಂಜೂರಾಯಿತು. ಬಳಿಕ ಒಂದು ಭಾನುವಾರ, ಕೃತಕ ಬಳಕೆದಾರರನ್ನು ಸೃಷ್ಟಿಸುವ ಸಂಗ್ ಎಂಬ ತಂತ್ರಾಂಶದಿಂದ ೧೫೦೦ ಸುಳ್ಳು ಅಧ್ಯಾಪಕರನ್ನು ಸರ್ವರಿನ ಮೇಲೆ ಬಿಟ್ಟು, ನಡುವೆ ಸ್ವಿಚ್ಚಿನ ತಂತಿಯನ್ನು ನಾವೇ ಮೂರು ಬಾರಿ ಕಿತ್ತು ಚುಚ್ಚಿದೆವು. ಮೂರು ಬಾರಿಯೂ ಎಲ್ಲರೂ ಒಳಗೆ ಬಂದರು. ಕಳುಹಿಸಿದ ಸಂದೇಶಗಳ ಮತ್ತು ತಲಪಿದ ಸಂದೇಶಗಳ ಲೆಕ್ಕ ಸರಿಹೋಯಿತು. ಸೋಮವಾರ ಬೆಳಗ್ಗೆ ಅಟೆಂಡರು ಬಂದು, ಇನ್ನು ಸುತ್ತೋಲೆ ಪುಸ್ತಕವನ್ನು ಬೀರುವಿನಲ್ಲಿಡಬಹುದೇ ಎಂದು ಕೇಳಿದರು. ಮುಂದಿನ ಪರೀಕ್ಷೆ ಮುಗಿಯುವವರೆಗೆ ಮೇಜಿನ ಮೇಲೆಯೇ ಇರಲೆಂದು ಹೇಳಿದೆವು.